ಮಗಳ ಆರ್ಕಿಟೆಕ್ಚರ್ ಸೀಟಿಗೆ ತೋಟದ ಪತ್ರ ಇಡ್ಬೇಕಾ?

ಪ್ರಶ್ನೆ: ಮೇಡಂ ನಮಸ್ಕಾರ. ನಾವು ತಿಪಟೂರು ತಾಲ್ಲೂಕಿನೋರು, ಎರಡೂವರೆ ಎಕರೆ ತೆಂಗಿನ ತೋಟ, ಜೊತೆಗೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಮಗಳು ಪಿಯುಸಿ ಸೈನ್ಸ್ ಮುಗಿಸಿದಾಳೆ, 86 ಪರ್ಸೆಂಟ್, ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ನಾಟಾದಲ್ಲಿ 200ಕ್ಕೆ 104. ಇಂಜಿನಿಯರಿಂಗ್ ಸೀಟೂ ಸಿಗೋ ಹಾಗಿದೆ, ಆದ್ರೆ ಅವಳದ್ದು ಆರ್ಕಿಟೆಕ್ಚರೇ ಬೇಕು ಅಂತ ಹಠ. ಬೆಂಗಳೂರಲ್ಲಿ ಒಂದು ಕಾಲೇಜಿನೋರು ಮ್ಯಾನೇಜ್‌ಮೆಂಟ್ ಸೀಟು ವರ್ಷಕ್ಕೆ 3 ಲಕ್ಷ ಅಂದಿದಾರೆ, ಈ ವಾರದಲ್ಲೇ ಕಟ್ಟಿ ಅಂತಾರೆ. ಕೈಲಿ 12 ಲಕ್ಷ ಇದೆ, ಉಳಿದಿದ್ದಕ್ಕೆ ತೋಟದ ಪತ್ರ ಇಟ್ಟು ಲೋನ್ ಮಾಡೋಣ ಅಂತಿದೀನಿ. ನಮ್ಮೂರ ಇಂಜಿನಿಯರ್ ಮಾತ್ರ "ಪ್ಲಾನ್ ನಾವೇ ಹಾಕ್ಕೊಡ್ತೀವಲ್ಲ, ಆರ್ಕಿಟೆಕ್ಟ್ ಯಾರಿಗೆ ಬೇಕು" ಅಂತ ನಗ್ತಾರೆ. ಏನ್ ಮಾಡ್ಲಿ?

ಉತ್ತರ:

ನಮಸ್ಕಾರ ಸರ್. ಮೊದ್ಲು ಅರ್ಜೆಂಟ್ ವಿಷ್ಯ ಹೇಳ್ಬಿಡ್ತೀನಿ, ಈ ವಾರದಲ್ಲೇ ಕಟ್ಟಿ ಅಂದ್ರಲ್ಲ, ಕಟ್ಬೇಡಿ. ಇತ್ತೀಚಿನ ವರ್ಷಗಳಲ್ಲಿ ಆರ್ಕಿಟೆಕ್ಚರ್ ಸೀಟುಗಳು ಎಷ್ಟೋ ಕಾಲೇಜಲ್ಲಿ ತುಂಬ್ತಾನೇ ಇಲ್ಲ, ಕೌನ್ಸೆಲಿಂಗ್ ಕೊನೆ ರೌಂಡ್ ಆದ್ಮೇಲೂ ಖಾಲಿ ಕೂತಿರುತ್ವೆ, ಹಾಗಾಗಿ "ಎರಡೇ ಸೀಟ್ ಉಳಿದಿರೋದು" ಅಂತ ಫೋನ್ ಮಾಡೋರ ಮಾತಿಗೆ ಬೆಲೆ ಕೊಡ್ಬೇಡಿ, ನಿಮ್ಮ ಅಂಗಡೀಲಿ ಪೈಪು ಸ್ಟಾಕ್ ಬಿದ್ದಿರೋವಾಗ ನೀವು ಗಿರಾಕಿ ಹತ್ರ ಹೇಗೆ ಮಾತಾಡ್ತೀರೋ ಹಾಗೇ ಇದೂ.

ಈಗ ಲೆಕ್ಕಕ್ಕೆ ಬರೋಣ. ಪೇಪರ್ ಪೆನ್ನು ತಗೊಂಡು ಕೂತ್ಕೊಳ್ಳಿ, ಮಗಳನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಅವಳಿಗೂ ಗೊತ್ತಾಗ್ಲಿ.

ಫೀಸು ವರ್ಷಕ್ಕೆ 3 ಲಕ್ಷ, ಬಿಆರ್ಕ್ ಅಂದ್ರೆ ಆರ್ಕಿಟೆಕ್ಚರ್ ಡಿಗ್ರಿ ಐದು ವರ್ಷ, 15 ಲಕ್ಷ. ಪಿಜಿ ಮತ್ತೆ ಊಟ ತಿಂಗಳಿಗೆ 10 ಸಾವಿರ ಅಂತ ಹಿಡಿದು ವರ್ಷಕ್ಕೆ ಹನ್ನೊಂದು ತಿಂಗಳು ಹಾಕಿದ್ರೆ ಐದು ವರ್ಷಕ್ಕೆ ಐದೂವರೆ ಲಕ್ಷ. ಲ್ಯಾಪ್‌ಟಾಪ್ ಸಾಧಾರಣದ್ದು ನಡಿಯಲ್ಲ, ಸ್ಕೆಚಪ್ಪು, ರೆವಿಟ್ಟು, ರೆಂಡರಿಂಗು ಅಂತ ಡಿಸೈನ್ ಸಾಫ್ಟ್‌ವೇರ್ ಎಲ್ಲ ಓಡ್ಬೇಕು ಅಂದ್ರೆ ಗ್ರಾಫಿಕ್ ಕಾರ್ಡ್ ಇರೋದೇ ಬೇಕು, 90 ಸಾವಿರ ಅಂತ ಬರ್ಕೊಳ್ಳಿ. ಆಮೇಲೆ ಯಾರೂ ಮೊದ್ಲೇ ಹೇಳದ ಖರ್ಚು ಒಂದಿದೆ, ಡ್ರಾಯಿಂಗ್ ಶೀಟು, ಪ್ಲಾಟಿಂಗು ಅಂದ್ರೆ ದೊಡ್ಡ ಸೈಜ್ ಪ್ರಿಂಟು, ಮಾಡೆಲ್ ಸಾಮಾನು. ಸನ್‌ಬೋರ್ಡು, ಮೌಂಟ್‌ಬೋರ್ಡು, ಫೆವಿಕ್ವಿಕ್ಕು, ಕಟ್ಟರ್ ಬ್ಲೇಡು, ಎ1 ಸೈಜ್ ಕಲರ್ ಪ್ರಿಂಟು, ಸಬ್ಮಿಷನ್ ಹಿಂದಿನ ರಾತ್ರಿ ಪ್ಲಾಟಿಂಗ್ ಅಂಗಡಿ ಮುಂದೆ ಕ್ಯೂ ನಿಂತಿರ್ತಾರೆ ಮಕ್ಳು, ಒಂದು ಶೀಟಲ್ಲಿ ತಪ್ಪಾಗಿದೆ ಅಂದ್ರೆ ಪೂರ್ತಿ ಸೆಟ್ ಮತ್ತೆ ಪ್ರಿಂಟು. ವರ್ಷಕ್ಕೆ 40 ಸಾವಿರ ಇಟ್ಕೊಂಡ್ರೆ ಒಟ್ಟು 2 ಲಕ್ಷ. ಸ್ಟಡಿ ಟೂರ್‌ಗೆ ಒಂದು 50 ಸಾವಿರ. ಎಲ್ಲ ಕೂಡಿದ್ರೆ 24 ಲಕ್ಷದ ಹತ್ರ ಬರುತ್ತೆ. ನಿಮ್ಮ ಹತ್ರ ಇರೋದು 12, ಅಂದ್ರೆ ಸಾಲ 12 ಲಕ್ಷ. ಏಳೂವರೆ ಲಕ್ಷದ ಮೇಲೆ ಎಜುಕೇಷನ್ ಲೋನ್ ಅಂದ್ರೆ ಬ್ಯಾಂಕ್‌ನೋರು ಸಾಮಾನ್ಯವಾಗಿ ಆಸ್ತಿ ಆಧಾರ ಕೇಳ್ತಾರೆ, ನಿಮ್ಮ ತೋಟದ ಪತ್ರ ಮಧ್ಯೆ ಬಂದಿದ್ದು ಅದಕ್ಕೇ.

ಓದ್ತಿರೋವಾಗ ಕಂತು ಕಟ್ಬೇಕಾಗಿಲ್ಲ, ಕೋರ್ಸ್ ಮುಗಿದು ಒಂದು ವರ್ಷ ಬಿಟ್ಟು ಶುರು, ಆದ್ರೆ ಬಡ್ಡಿ ಮಾತ್ರ ನಿದ್ದೆ ಮಾಡಲ್ಲ. ವರ್ಷಕ್ಕೆ 2.4 ಲಕ್ಷದ ಹಾಗೆ ಐದು ಸಲ ತಗೊಂಡ್ರಿ, 10 ಪರ್ಸೆಂಟ್ ಬಡ್ಡಿ ಅಂತ ಹಿಡೀರಿ, ಚಕ್ರಬಡ್ಡಿ ಬೇಡ ಸರಳ ಬಡ್ಡೀನೇ ಹಾಕಿದ್ರೂ ಆರನೇ ವರ್ಷದ ಕೊನೆಗೆ ಬಡ್ಡಿಯೇ 4.8 ಲಕ್ಷ ಆಗಿರುತ್ತೆ, ಒಟ್ಟು 16.8 ಲಕ್ಷ. ಹತ್ತು ವರ್ಷಕ್ಕೆ ತೀರಿಸ್ತೀನಿ ಅಂದ್ರೆ ಇಎಂಐ ತಿಂಗಳಿಗೆ 22,200 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದ್ರೆ 18 ಸಾವಿರ ಚಿಲ್ರೆ, ಆದ್ರೆ ಕಟ್ಟಿ ಮುಗಿಸೋ ಹೊತ್ತಿಗೆ 32 ಲಕ್ಷ ದಾಟಿರುತ್ತೆ.

ಈಗ ಇನ್ನೊಂದು ಕಡೆ ನೋಡಿ. ಬೆಂಗಳೂರಲ್ಲಿ ಒಂದು ಮಾಮೂಲಿ ಆರ್ಕಿಟೆಕ್ಟ್ ಆಫೀಸಲ್ಲಿ, ಅಂದ್ರೆ ನನ್ನಂಥೋರ ಆಫೀಸಲ್ಲಿ, ಫ್ರೆಶರ್‌ಗೆ ಕೊಡೋದು 18ರಿಂದ 25 ಸಾವಿರ. ನಾನೇ ಕೊಡ್ತಿರೋದು 22, ಹೇಳ್ಕೊಳ್ಳೋಕೆ ನಂಗೇ ಒಂಥರಾ ಆಗುತ್ತೆ. ಟ್ರೈನಿಂಗ್ ಸೆಮಿಸ್ಟರಲ್ಲಿ ಕೆಲವರು ಐದು ಹತ್ತು ಸಾವಿರ ಸ್ಟೈಪೆಂಡ್ ಕೊಡ್ತಾರೆ, ಕೆಲವರು ಏನೂ ಕೊಡಲ್ಲ. ಅಂದ್ರೆ ನಿಮ್ಮ ಮಗಳ ಸಂಬಳ ಎಷ್ಟೋ ಇಎಂಐನೂ ಅಷ್ಟೇ, ಪಿಜಿ ಬಾಡಿಗೆಗೆ ಮತ್ತೆ ನೀವೇ ಊರಿಂದ ದುಡ್ಡು ಕಳಿಸ್ಬೇಕು, ಆ ಇಎಂಐ ಕಟ್ಟೋದೂ ಕೊಬ್ರಿ ರೇಟಿನ ಮೇಲೇ ನಿಂತಿರುತ್ತೆ. ಕೊಬ್ರಿ ರೇಟು ಹೆಂಗೆ ಏರಿಳಿಯುತ್ತೆ ಅಂತ ತಿಪಟೂರಿನೋರಿಗೆ ನಾನು ಹೇಳಿಕೊಡೋ ಹಾಗಿಲ್ಲ.

ಹಂಗಂತ ಇದು ಕೆಟ್ಟ ಕೋರ್ಸ್ ಅಂತ ನಾನು ಹೇಳ್ತಿಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ನಾನು 2001ರಲ್ಲಿ ಕೆಲ್ಸಕ್ಕೆ ಸೇರಿದಾಗ ಸಂಬಳ 4 ಸಾವಿರ, ಜೊತೆಗೆ ಪಿಯುಸಿ ಓದಿದ್ದ ಫ್ರೆಂಡು ಸಾಫ್ಟ್‌ವೇರ್ ಕಂಪ್ನಿ ಸೇರಿ ಅದರ ನಾಲ್ಕು ಪಟ್ಟು ತಗೊಳ್ತಿದ್ಲು. ಮೊದಲ ಎರಡು ವರ್ಷ ನಾನು ಮಾಡಿದ್ದು ಏನ್ ಗೊತ್ತಾ, ಬರೀ ಟಾಯ್ಲೆಟ್ ಡೀಟೇಲು. ಕಮೋಡ್ ಗೋಡೆಯಿಂದ ಎಷ್ಟು ದೂರ, ಟೈಲ್ಸ್ ಎಲ್ಲಿಂದ ಶುರು ಮಾಡಿದ್ರೆ ಮೂಲೇಲಿ ಅರ್ಧ ತುಂಡು ಬರಲ್ಲ, ನಲ್ಲಿ ಎತ್ತರ ಎಷ್ಟು, ಸ್ಲ್ಯಾಬ್ ಎಷ್ಟು ಇಂಚು ತಗ್ಗಿಸ್ಬೇಕು. ಅದಾದ್ಮೇಲೆ ಡೋರ್ ವಿಂಡೋ ಶೆಡ್ಯೂಲ್. ದೊಡ್ಡ ದೊಡ್ಡ ಮ್ಯೂಸಿಯಂ ಕಟ್ತೀನಿ ಅಂತ ಥೀಸಿಸ್ ಮಾಡಿ ಬಂದ ಹುಡುಗಿ ಬಚ್ಚಲುಮನೆ ಇಳಿಜಾರು ಬರೀತಾ ಕೂತಿದ್ದೆ, ರಾತ್ರಿ ಒಂಬತ್ತಾದ್ರೂ ಸಾರ್ ಎದ್ದು ಹೋಗೋವರ್ಗೂ ನಾವು ಏಳೋ ಹಾಗಿರ್ಲಿಲ್ಲ. ಆ ಆಫೀಸಲ್ಲಿ ಮೂರು ತಿಂಗಳ ಸಂಬಳ ಬಾಕಿ ಇಟ್ಟೇ ಬಿಟ್ಟು ಬಂದೆ, ಇವತ್ತಿಗೂ ಬಂದಿಲ್ಲ. ಆದ್ರೆ ಆ ಟಾಯ್ಲೆಟ್ ಡೀಟೇಲ್ಸ್ ಇದ್ಯಲ್ಲ, ಅದೇ ಇವತ್ತು ನನಗೆ ಅನ್ನ ಹಾಕ್ತಿರೋದು, ಯಾಕಂದ್ರೆ ಮನೆ ಕಟ್ಟಿಸಿದೋರು ಎಲಿವೇಷನ್, ಅಂದ್ರೆ ಮನೆ ಮುಂಭಾಗ, ಚೆನ್ನಾಗಿಲ್ಲ ಅಂತ ಮೂರು ವರ್ಷ ಆದ್ಮೇಲೆ ಫೋನ್ ಮಾಡಲ್ಲ, ಬಾತ್‌ರೂಮ್ ಲೀಕ್ ಆಗ್ತಿದೆ ಅಂತ ಮಾಡ್ತಾರೆ.

ಈ ಲೈನ್‌ನಲ್ಲಿ ದುಡ್ಡು ಬರುತ್ತೆ ಸರ್, ಲೇಟಾಗಿ ಬರುತ್ತೆ. ನಿಮಗೆ ತೆಂಗಿನ ಭಾಷೇಲೇ ಹೇಳ್ಬೇಕು ಅಂದ್ರೆ ಇದು ಊರ ತಳಿ ಸಸಿ, ಮೊದಲ ಆರೇಳು ವರ್ಷ ಬರೀ ನೀರು ಹಾಕೋದೇ. ವಯಸ್ಸು ಮೂವತ್ತರ ಹತ್ರ ಒಂದು ದಾರಿಗೆ ಬರ್ತಾರೆ, ನಲವತ್ತರ ಮೇಲೆ ಚೆನ್ನಾಗಿ ದುಡಿಯೋರು ಇದಾರೆ. ಬೆಂಗಳೂರಿನ ಐಐಎಂ ಡಿಸೈನ್ ಮಾಡಿದ ಬಿ.ವಿ. ದೋಶಿಯವರಿಗೆ ನಮ್ಮ ಫೀಲ್ಡಿನ ದೊಡ್ಡ ಗೌರವ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಿದ್ದು 2018ರಲ್ಲಿ, ಆಗ ಅವರಿಗೆ 90 ವರ್ಷ, ನಮ್ಮ ಫೀಲ್ಡಲ್ಲಿ ಈ ವಿಷ್ಯ ಅರ್ಧ ಜೋಕು ಅರ್ಧ ಸಮಾಧಾನ. ಹಂಗಿರೋವಾಗ ಸಸಿ ನೆಟ್ಟ ವರ್ಷದಿಂದ್ಲೇ ಫಸಲು ಕೇಳೋ ಸಾಲ ತಗೊಂಡು ಸಸಿ ನೆಟ್ರೆ ಏನಾಗುತ್ತೆ, ಇಎಂಐ ಕಟ್ಬೇಕು ಅನ್ನೋ ಒಂದೇ ಕಾರಣಕ್ಕೆ ಹುಡುಗಿ ಒಳ್ಳೆ ಆಫೀಸಲ್ಲಿ ಕಡಿಮೆ ಸಂಬಳಕ್ಕೆ ಕಲಿಯೋದು ಬಿಟ್ಟು ಯಾವ್ದೋ ಮಾಡ್ಯುಲರ್ ಕಿಚನ್ ಕಂಪ್ನೀಲಿ ಸೇಲ್ಸ್ ಟಾರ್ಗೆಟ್ ಹಿಂದೆ ಓಡ್ತಾಳೆ. ನನ್ನ ಹತ್ರ ಕಲಿತ ಎಷ್ಟೋ ಮಕ್ಳು ಹಾಗೇ ಹೋಗಿದಾರೆ, ಬುದ್ಧಿವಂತ ಮಕ್ಳು.

ಇನ್ನು ನಿಮ್ಮೂರ ಇಂಜಿನಿಯರ್ ನಕ್ಕಿದ್ದು. ಅವರು ನಗೋದ್ರಲ್ಲಿ ಅರ್ಥ ಇದೆ, ಬೇಜಾರಾದ್ರೂ ಒಪ್ಕೊಳ್ತೀನಿ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಅಂತ ಕಾನೂನಿದೆ, ಅದರ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ರಿಜಿಸ್ಟರ್ ಆದೋರು ಮಾತ್ರ ತಮ್ಮನ್ನ ಆರ್ಕಿಟೆಕ್ಟ್ ಅಂತ ಕರ್ಕೋಬಹುದು. ಆದ್ರೆ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳ್ತು, ಈ ಕಾನೂನು ಕಾಪಾಡೋದು ಆ ಹೆಸರನ್ನ ಅಷ್ಟೇ, ಡಿಸೈನ್ ಮಾಡೋ ಕೆಲ್ಸ ಬೇರೆಯೋರು ಮಾಡಬಾರ್ದು ಅಂತ ಅದರಲ್ಲಿಲ್ಲ. ಡಾಕ್ಟರ್ ಅಲ್ಲದೋರು ಆಪರೇಷನ್ ಮಾಡಿದ್ರೆ ಜೈಲು, ಆರ್ಕಿಟೆಕ್ಟ್ ಅಲ್ಲದೋರು ಮನೆ ಪ್ಲಾನ್ ಹಾಕಿದ್ರೆ ಏನೂ ಇಲ್ಲ. ಹಾಗಾಗಿ ತಿಪಟೂರು ಅರಸೀಕೆರೆ ಕಡೆ ಇಂಜಿನಿಯರ್ರು ಚದರಡಿಗೆ ಹತ್ತೋ ಹದಿನೈದೋ ತಗೊಂಡು ಪ್ಲಾನ್ ಕೊಡ್ತಾರೆ, ಕಂಟ್ರಾಕ್ಟ್ ನಮಗೇ ಕೊಟ್ರೆ ಅದೂ ಫ್ರೀ ಅಂತಾರೆ, ಅಲ್ಲಿ ಹೋಗಿ ನಿಮ್ಮ ಮಗಳು ಲಕ್ಷಗಟ್ಲೆ ಫೀ ಹೇಳಿದ್ರೆ ಟೀ ಕುಡ್ಸಿ ಕಳಿಸ್ತಾರೆ. ಅವಳು ಓದಿ ಊರಿಗೇ ವಾಪಸ್ ಬಂದು ಪ್ರಾಕ್ಟೀಸ್ ಮಾಡ್ತಾಳೆ ಅನ್ನೋ ಆಸೆ ನಿಮಗಿದ್ರೆ, ಮೊದಲ ಹತ್ತು ವರ್ಷ ಅದು ಕಷ್ಟ.

ಬೆಂಗಳೂರಲ್ಲೂ ಸ್ವಂತ ಪ್ರಾಕ್ಟೀಸ್ ಲೆಕ್ಕ ಹೇಳ್ತೀನಿ ಕೇಳಿ. ಥರ್ಟಿ ಫಾರ್ಟಿ ಸೈಟು, 2,400 ಚದರಡಿ ಮನೆ, ಚದರಡಿಗೆ 2,200 ಅಂದ್ರೆ ಸುಮಾರು 53 ಲಕ್ಷ. ನನ್ನ ಫೀ 5 ಪರ್ಸೆಂಟ್ ಅಂದ್ರೂ 2 ಲಕ್ಷದ 64 ಸಾವಿರ. ಕೇಳೋಕೆ ಚೆನ್ನಾಗಿದೆ. ಆದ್ರೆ ಅದು ಹದಿನೆಂಟು ತಿಂಗಳ ಕೆಲ್ಸ, ಕಂತಲ್ಲಿ ಬರುತ್ತೆ, ಮಧ್ಯೆ ಅವರ ವಾಸ್ತು ನೋಡೋರು ಬಂದು ಅಡುಗೆಮನೆ ಇಲ್ಲಿ ಬೇಡ ಅಲ್ಲಿ ಅಂದ್ರೆ ಮೂರನೇ ಸಲ ಪ್ಲಾನ್ ಬದ್ಲಾಗುತ್ತೆ, ಸ್ಟ್ರಕ್ಚರಲ್ ಇಂಜಿನಿಯರ್ ಮತ್ತೆ ಲೆಕ್ಕ ಹಾಕ್ಬೇಕು, ಅದಕ್ಕೆ ಎಕ್ಸ್‌ಟ್ರಾ ಕೇಳಿದ್ರೆ ಮುಖ ಸಣ್ಣಗಾಗುತ್ತೆ. ಕೊನೆ ಕಂತು ಗೃಹಪ್ರವೇಶ ಆದ್ಮೇಲೆ ಕೊಡ್ತೀವಿ ಅಂತಾರೆ, ಗೃಹಪ್ರವೇಶದ ಊಟ ಹಾಕ್ತಾರೆ, ತಾಂಬೂಲ ಕೊಡ್ತಾರೆ, ಕಂತು ಮಾತ್ರ ಕೊಡಲ್ಲ. ಆಫೀಸ್ ಬಾಡಿಗೆ, ಇಬ್ರು ಹುಡುಗರ ಸಂಬಳ, ಸಾಫ್ಟ್‌ವೇರ್ ಸಬ್‌ಸ್ಕ್ರಿಪ್ಷನ್ ಎಲ್ಲ ಹೋಗಿ ಮನೆ ನಡೀಬೇಕು ಅಂದ್ರೆ ಒಂದೇ ಟೈಮಲ್ಲಿ ಆರೇಳು ಸೈಟು ಓಡ್ತಿರ್ಬೇಕು. ಆ ಆರೇಳು ಸೈಟು ಎಲ್ಲಿಂದ ಬರುತ್ತೆ? ಚಿಕ್ಕಪ್ಪ, ಮಾವ, ಅವರ ಫ್ರೆಂಡು, ಹಿಂಗೇ. ಅಪ್ಪ ಬಿಲ್ಡರ್ ಆಗಿರೋ ಹುಡುಗನಿಗೂ ಅಪ್ಪ ಮೇಷ್ಟ್ರಾಗಿರೋ ಹುಡುಗನಿಗೂ ಡಿಗ್ರಿ ಒಂದೇ, ಸಂಪಾದನೆ ಒಂದೇ ಅಲ್ಲ. (ನಿಮ್ಮ ಹಾರ್ಡ್‌ವೇರ್ ಅಂಗಡಿ ಇಲ್ಲಿ ನಿಜಕ್ಕೂ ಒಂದು ಪ್ಲಸ್ ಪಾಯಿಂಟು, ಮನೆ ಕಟ್ಟೋರೆಲ್ಲ ಮೊದ್ಲು ಬರೋದು ನಿಮ್ಮ ಕೌಂಟರ್‌ಗೇ ತಾನೆ.)

ಸ್ವಂತ ಪ್ರಾಕ್ಟೀಸ್ ಒಂದೇ ದಾರಿ ಅಂತೇನಿಲ್ಲ. ಹೊರದೇಶದ ಕಂಪ್ನಿಗಳ ಬೆಂಗಳೂರು ಆಫೀಸಲ್ಲಿ ಬಿಮ್ ಕೆಲ್ಸ, ಅಂದ್ರೆ ರೆವಿಟ್‌ನಲ್ಲಿ ಇಡೀ ಬಿಲ್ಡಿಂಗ್ ಮಾಡೆಲ್ ಮಾಡೋದು, ಅದ್ರಲ್ಲಿ ಎರಡು ಮೂರು ವರ್ಷ ಅನುಭವ ಆದೋರಿಗೆ ನಮ್ಮಂಥ ಸಣ್ಣ ಆಫೀಸಿಗಿಂತ ಆರಾಮಾಗಿ ಜಾಸ್ತಿ ಕೊಡ್ತಾರೆ. ಬಿಲ್ಡರ್ ಕಡೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇದೆ. ಆಪ್ ಡಿಸೈನ್ ಮಾಡೋ ಯುಎಕ್ಸ್ ಫೀಲ್ಡಿಗೆ ಹೋದೋರು ನನ್ನ ಸ್ಟೂಡೆಂಟ್ಸಲ್ಲೇ ಸುಮಾರು ಜನ ಇದಾರೆ, ನಂಗಿಂತ ಜಾಸ್ತಿ ದುಡೀತಾರೆ, ಸಿಕ್ಕಾಗ ಕಾಫಿ ಬಿಲ್ ಅವರೇ ಕೊಡ್ತಾರೆ. ಆದ್ರೆ ಅದಕ್ಕೇ ಹೋಗೋದಾದ್ರೆ 24 ಲಕ್ಷ ಕೊಟ್ಟು ಬಿಆರ್ಕ್ ಮಾಡ್ಬೇಕಿತ್ತಾ ಅನ್ನೋ ಪ್ರಶ್ನೆ ಬರುತ್ತೆ. ಸರ್ಕಾರಿ ಕೆಲ್ಸ ಅಂದ್ರೆ ಕೇಂದ್ರದ ಸಿಪಿಡಬ್ಲ್ಯೂಡಿ, ನಮ್ಮ ಪಿಡಬ್ಲ್ಯೂಡಿ, ಟೌನ್ ಪ್ಲಾನಿಂಗ್ ಇಲಾಖೆ ಇವೆಲ್ಲ ಇವೆ, ಹುದ್ದೆ ಕಡಿಮೆ, ನೋಟಿಫಿಕೇಷನ್ ಬರೋದು ಅಪರೂಪ, ಅದನ್ನ ನಂಬ್ಕೊಂಡು ಸಾಲ ಮಾಡೋ ಹಾಗಿಲ್ಲ. ಅಮೆರಿಕಾಗೆ ಹೋಗ್ತೀನಿ ಅಂದ್ರೆ ಅಲ್ಲಿ ಲೈಸೆನ್ಸ್‌ಗೆ 3,740 ಗಂಟೆ ಅನುಭವ ದಾಖಲು ಮಾಡ್ಬೇಕು, ಮೇಲೆ ಪರೀಕ್ಷೆಗಳು, ಅದಕ್ಕೂ ಮುಂಚೆ ಇನ್ನೊಂದು ಮಾಸ್ಟರ್ಸು ಇನ್ನೊಂದು ಸಾಲ. ಅದು ಈಗ ಬೇಡ ಬಿಡಿ.

ಹಾಗಾದ್ರೆ ಏನ್ ಮಾಡೋದು. ನನ್ನ ಉತ್ತರ, 3 ಲಕ್ಷದ ಈ ಸೀಟು ಬೇಡ, ಆರ್ಕಿಟೆಕ್ಚರ್ ಬೇಡ ಅಂತ ಮಾತ್ರ ಈಗ್ಲೇ ಅನ್ಬೇಡಿ. ಸಿಇಟಿ ನಡೆಸೋ ಸರ್ಕಾರಿ ಪ್ರಾಧಿಕಾರ ಕೆಇಎದ ಕೌನ್ಸೆಲಿಂಗ್ ಇದ್ಯಲ್ಲ, ಅದ್ರಲ್ಲಿ ಆರ್ಕಿಟೆಕ್ಚರ್‌ಗೆ ಬೇರೇನೇ ರ‍್ಯಾಂಕ್ ಕೊಡ್ತಾರೆ, ಪಿಯುಸಿ ಮಾರ್ಕ್ಸ್ ಅರ್ಧ ನಾಟಾ ಸ್ಕೋರ್ ಅರ್ಧ ಸೇರ್ಸಿ. ಎಷ್ಟೋ ಜನ ಪೇರೆಂಟ್ಸ್‌ಗೆ ಇದೇ ಗೊತ್ತಿರಲ್ಲ, ಸಿಇಟಿ ರ‍್ಯಾಂಕ್ ನೋಡ್ಕೊಂಡು ನಮಗೆ ಸಿಗಲ್ಲ ಅಂತ ಸೀದಾ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಗ್ತಾರೆ. ನಿಮ್ಮ ಮಗಳ 86 ಮತ್ತೆ 104 ಇಟ್ಕೊಂಡು ಧೈರ್ಯವಾಗಿ ಆಪ್ಷನ್ ಎಂಟ್ರಿ ಮಾಡಿಸಿ. ಬೆಂಗಳೂರೇ ಆಗ್ಬೇಕು ಅಂತೇನಿಲ್ಲ, ಮೈಸೂರು, ಹುಬ್ಬಳ್ಳಿ, ಮಂಗಳೂರು ಕಡೇನೂ ಹಾಕಿಸಿ, ಇರೋ ಖರ್ಚೂ ಕಡಿಮೆ. ಅಲ್ಲಿ ಸಿಗೋ ಸರ್ಕಾರಿ ಕೋಟಾ ಸೀಟಿನ ಫೀಸು ಮ್ಯಾನೇಜ್‌ಮೆಂಟ್ ಫೀಸಿಗಿಂತ ತುಂಬಾ ಕಡಿಮೆ ಇರುತ್ತೆ. ಜೊತೆಗೆ ನೀವು ಹಿಂದುಳಿದ ವರ್ಗಕ್ಕೋ ಅಲ್ಪಸಂಖ್ಯಾತರಿಗೋ ಸೇರಿದ್ರೆ ನಿಗಮಗಳ ಅರಿವು ಸಾಲ ಯೋಜನೆ ಇದೆ, ಬಡ್ಡಿ ಬ್ಯಾಂಕಿಗಿಂತ ಎಷ್ಟೋ ಕಡಿಮೆ, ಅದು ಕೆಇಎ ಮೂಲಕ ಸೀಟು ತಗೊಂಡೋರಿಗೆ. ಕೈಲಿರೋ 12 ಲಕ್ಷದಲ್ಲೇ ಮುಗಿಯೋ ಹಾಗಾದ್ರೆ ಕಣ್ಣು ಮುಚ್ಚಿ ಸೇರಿಸಿ. ಒಂದು 4 ಲಕ್ಷ ಸಾಲ ಆದ್ರೂ ಪರವಾಗಿಲ್ಲ, ಮೇಲಿನ ಲೆಕ್ಕದ ಪ್ರಕಾರ ಇಎಂಐ 7,400 ಬರುತ್ತೆ, 22 ಸಾವಿರ ಸಂಬಳದ ಹುಡುಗಿ ಹೆಂಗೋ ಕಟ್ತಾಳೆ, ತೋಟದ ಪತ್ರ ಬೀರುವಲ್ಲೇ ಇರುತ್ತೆ.

ಮುಂದಿನ ವರ್ಷದವರೆಗೆ ಕಾಯೋ ತಾಳ್ಮೆ ಇದ್ರೆ ಜೆಇಇ ಮೇನ್‌ನಲ್ಲಿ ಆರ್ಕಿಟೆಕ್ಚರ್‌ಗೆ ಅಂತಲೇ ಪೇಪರ್ ಎರಡು ಇದೆ, ಕೇಂದ್ರದ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಮತ್ತೆ ಎನ್‌ಐಟಿಗಳಿಗೆ. ನಮ್ಮ ಸುರತ್ಕಲ್‌ನಲ್ಲಿ ಬಿಆರ್ಕ್ ಇಲ್ಲ, ಕ್ಯಾಲಿಕಟ್, ತಿರುಚ್ಚಿಯಲ್ಲಿ ಇದೆ. ಕಷ್ಟ ಇದೆ, ಸುಳ್ಳು ಹೇಳಲ್ಲ.

ಯಾವ ಕಾಲೇಜಾದ್ರೂ ಸರಿ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಲಿಸ್ಟಲ್ಲಿ ಆ ಕಾಲೇಜಿದ್ಯಾ, ಈ ವರ್ಷಕ್ಕೆ ಎಷ್ಟು ಸೀಟಿಗೆ ಅನುಮತಿ ಇದೆ ಅಂತ ನೀವೇ ನೋಡಿ, ಅವರು ತೋರ್ಸೋ ಜೆರಾಕ್ಸ್ ನಂಬ್ಬೇಡಿ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಮಾನ್ಯತೆ ಇದೆ ಅಂತ ದೊಡ್ಡದಾಗಿ ಬೋರ್ಡ್ ಹಾಕಿರ್ತಾರೆ, ಆರ್ಕಿಟೆಕ್ಚರ್ ವಿಷ್ಯದಲ್ಲಿ ಕೌನ್ಸಿಲ್ ಮಾತೇ ಕೊನೆ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇಂಟೀರಿಯರ್ ಡಿಸೈನ್ ಡಿಗ್ರಿ ತಗೊಂಡ್ರೂ ಆರ್ಕಿಟೆಕ್ಟ್ ಆಗ್ತಾರೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಈಗ ಮಗಳ ವಿಷ್ಯ, ನಂಗೆ ಇದೇ ಮುಖ್ಯ ಅನ್ಸುತ್ತೆ. ಹಠ ಅಂದ್ರಿ. ಯಾವ ತರದ ಹಠ ಅಂತ ನೋಡಿ. ಇನ್‌ಸ್ಟಾಗ್ರಾಂನಲ್ಲಿ ಚೆಂದದ ಮನೆ ರೀಲ್ಸ್ ನೋಡಿ ಬಂದಿದ್ದಾ, ಅಥವಾ ನಿಮ್ಮ ಅಂಗಡೀಲಿ ಕೂತು ಬೆಂಡು, ಟೀ, ಕಪ್ಲಿಂಗ್ ನೋಡ್ತಾ ಇದು ಗೋಡೆ ಒಳಗೆ ಹೆಂಗೆ ಹೋಗುತ್ತೆ ಅಂತ ಕೇಳಿದೋಳಾ? ನಾನು ವಾರಕ್ಕೊಂದು ದಿನ ಕಾಲೇಜಲ್ಲಿ ಸ್ಟುಡಿಯೋ, ಅಂದ್ರೆ ಡಿಸೈನ್ ಕ್ಲಾಸ್, ಪಾಠ ಮಾಡ್ತೀನಿ, ಹೋದ ವರ್ಷ ಫಸ್ಟ್ ಇಯರ್ ಹುಡುಗಿ ಒಬ್ಳು ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ ಮಾಡೆಲ್ಲನ್ನ ಬಿಎಂಟಿಸಿ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಬಂದಿದ್ಲು, ಯಾರದ್ದೋ ಬ್ಯಾಗ್ ತಗುಲಿ ಒಂದು ಮೂಲೆ ಮುರಿದಿತ್ತು. ಜ್ಯೂರಿಗೆ, ಅಂದ್ರೆ ಮಕ್ಳ ಕೆಲ್ಸ ಪರೀಕ್ಷೆ ಮಾಡೋಕೆ, ಬಂದಿದ್ದ ಹೊರಗಿನ ಆರ್ಕಿಟೆಕ್ಟ್ ಅದನ್ನ ನೋಡಿ, ಮುರಿದಿದ್ದರ ಬಗ್ಗೆ ಒಂದು ಮಾತಿಲ್ಲ, ಮೆಟ್ಟಿಲು ಹತ್ತೋವಾಗ ತಲೆ ತೊಲೆಗೆ ಬಡಿಯುತ್ತಲ್ಲಮ್ಮ ಅಂದ್ರು. ನಿಜಾನೇ, ಅಳತೆ ಹಿಡಿದು ನೋಡಿದ್ರೆ ಐದೂವರೆ ಅಡಿನೂ ಇರ್ಲಿಲ್ಲ. ಆ ಹುಡುಗಿ ಅತ್ಲು, ಮುಖ ತೊಳ್ಕೊಂಡು ಬಂದ್ಲು, ಸಂಜೆ ಐದಕ್ಕೆ ಮೆಟ್ಟಿಲು ತಿರುಗ್ಸಿ ಹೊಸ ಸ್ಕೆಚ್ ತಂದು ಟೇಬಲ್ ಮೇಲಿಟ್ಲು. ಅವಳು ಉಳಿತಾಳೆ. ಅದೇ ಬ್ಯಾಚಲ್ಲಿ ನಾಟಾ ಸ್ಕೋರ್ ಅವಳಿಗಿಂತ ಜಾಸ್ತಿ ಇದ್ದ ಹುಡುಗ ಎರಡನೇ ಸೆಮ್‌ಗೆ ಬಿಟ್ಟು ಹೋದ, ಕಟ್ಟಿದ ಫೀಸು ಹೋಯ್ತು.

ಅದಕ್ಕೇ ರಿಸಲ್ಟು, ರೌಂಡು ಅಂತ ಕಾಯೋ ಈ ದಿನಗಳಲ್ಲಿ ಅವಳನ್ನ ಹದಿನೈದು ದಿನ ಯಾವುದಾದ್ರೂ ಮನೆ ಕಟ್ತಿರೋ ಸೈಟಿಗೆ ಕಳ್ಸಿ. ನಗ್ತಾರಲ್ಲ ನಿಮ್ಮ ಇಂಜಿನಿಯರ್, ಅವರ ಸೈಟಿಗೇ ಕಳ್ಸಿ, ಬೇಡ ಅನ್ನಲ್ಲ ಅವರು. ಟೇಪು ಹಿಡ್ಕೊಂಡು ಕಿಟಕಿ ಅಳೀಲಿ, ಗಾರೆ ಮೇಸ್ತ್ರಿ ಲೆವೆಲ್ ಟ್ಯೂಬಲ್ಲಿ ಹೆಂಗೆ ಮಟ್ಟ ನೋಡ್ತಾನೆ ಅಂತ ನೋಡ್ಲಿ, ಸಂಜೆ ಬಂದು ಬರೀಲಿ. ಹೆಣ್ಣುಮಗು ಸೈಟಿಗೆ ಹೆಂಗೆ ಅನ್ನೋ ಯೋಚ್ನೆ ನಿಮಗೆ ಬಂದಿದ್ರೆ ಹೇಳ್ತೀನಿ, ನನ್ನ ಸ್ಟುಡಿಯೋದಲ್ಲಿ ನಲವತ್ತರಲ್ಲಿ ಇಪ್ಪತ್ತೈದು ಜನ ಹುಡುಗೀರೇ. ಮೊದಲ ತಿಂಗಳು ಮೇಸ್ತ್ರಿಗಳು ಮಾತು ಕೇಳಲ್ಲ, ಒಂದು ಸಲ ಅವರ ಲೆವೆಲ್ ತಪ್ಪು ಹಿಡಿದ್ರೆ ಆಮೇಲೆ ಮೇಡಂ ಮೇಡಂ ಅಂತ ಅವರೇ ಫೋನ್ ಮಾಡ್ತಾರೆ. ಹದಿನೈದು ದಿನ ಆದ್ಮೇಲೂ ಬಿಸಿಲಲ್ಲಿ ಕಪ್ಪಾಗಿ ಬಂದು ನಾಳೆ ಸ್ಲ್ಯಾಬ್ ಕಾಂಕ್ರೀಟ್ ಇದೆ ಬೆಳಿಗ್ಗೆ ಬೇಗ ಎಬ್ಬಿಸಪ್ಪಾ ಅಂದ್ರೆ, ಇಂಜಿನಿಯರಿಂಗ್ ಸೀಟ್ ಬಿಡೋ ಧೈರ್ಯ ಮಾಡಿ. ಬೋರ್ ಆಗುತ್ತೆ ಅಂದ್ರೆ ಇಂಜಿನಿಯರಿಂಗ್‌ಗೇ ಸೇರಿಸಿ, ಡಿಸೈನ್ ಇಷ್ಟ ಅಂತಿದ್ರೆ ಅದನ್ನ ಆಮೇಲೂ ಬೇರೆ ದಾರೀಲಿ ಕಲೀಬಹುದು. ಒಂದು ಎಚ್ಚರ, ಇಂಜಿನಿಯರಿಂಗ್ ಸೀಟಿನ ಆಪ್ಷನ್ನು ಆರ್ಕಿಟೆಕ್ಚರ್ ಆಪ್ಷನ್ನು ಎರಡೂ ಕೊಡ್ತಾ ಇದ್ರೆ ಯಾವ್ದು ಮೇಲೆ ಯಾವ್ದು ಕೆಳಗೆ ಅಂತ ಕ್ರಮ ಸರಿಯಾಗಿ ಕೂತು ಹಾಕಿ, ಸೈಬರ್ ಸೆಂಟರ್ ಹುಡುಗನ ಕೈಗೆ ಬಿಡ್ಬೇಡಿ.

ರೌಂಡ್ ರಿಸಲ್ಟ್ ಬಂದ್ಮೇಲೆ ಯಾವ ಕಾಲೇಜು, ಫೀಸೆಷ್ಟು ಅಂತ ಇನ್ನೊಂದು ಸಲ ಬರೀರಿ ಸರ್, ಲೆಕ್ಕ ಮತ್ತೆ ಹಾಕೋಣ. ಬರೆಯೋವಾಗ ಅವಳು ಸೈಟಲ್ಲಿ ಅಳೆದು ಬರೆದ ಕಿಟಕಿ ಸ್ಕೆಚ್ಚಿನ ಫೋಟೋನೂ ಕಳ್ಸಿ, ಅಳತೆ ಸರಿ ಹಾಕಿದಾಳಾ ನೋಡ್ತೀನಿ.